ಗುಂಡಿ ಬಿಡದವನು

ಬರೆಯುವಾಗ ನಾನು ಉಗ್ಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯನ್ನು ನನ್ನ ಬಾಯಿಂದ ಪೂರ್ತಿ ಕೇಳಿದವರು ಯಾರೂ ಇಲ್ಲ. ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತೇನೆ. ಕೇಳುವವರು ಉಳಿದದ್ದನ್ನು ತಾವೇ ಹೇಳಿ ಮುಗಿಸಿ, ಬೆನ್ನು ತಟ್ಟಿ ಎದ್ದು ಹೋಗುತ್ತಾರೆ. ಕಾಗದ ಹಾಗೆ ಎದ್ದು ಹೋಗುವುದಿಲ್ಲ.

ನನ್ನ ಹೆಸರು ಸತುರ್ನಿನೋ ವಾರಾಚಿ. ಹುಟ್ಟಿದ ದಿನದ ಸಂತನ ಹೆಸರಿಡುವುದು ನಮ್ಮ ಮನೆಯ ವಾಡಿಕೆ. ಒಂದೇ ಒಂದು ದಿನ ತಡವಾಗಿ ಹುಟ್ಟಿದ್ದರೆ ಆಂದ್ರೆಸ್ ಆಗುತ್ತಿದ್ದೆ, ಬದುಕು ಸಲೀಸಾಗಿರುತ್ತಿತ್ತು. ‘ಸ’ ಮತ್ತು ‘ಪ’ ನನ್ನ ಜನ್ಮವೈರಿಗಳು. ಬೇರೆ ಅಕ್ಷರಗಳ ಮೇಲೆ ಎಡವಿ ಹೇಗೋ ದಾಟಿಕೊಳ್ಳುತ್ತೇನೆ, ಈ ಎರಡರ ಮುಂದೆ ಮಾತ್ರ ಹಟಮಾರಿ ಕತ್ತೆಯ ಹಾಗೆ ನಿಂತುಬಿಡುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಮಾತಿಗೆ ಆ ಭಯವಿಲ್ಲ. ಅದು ಹೋಗುವುದೇ ಇಲ್ಲ.

ಇಂಥವನು ರೈಲು ಓಡಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ, ಗಣಿಯ ಅದಿರನ್ನು ಈ ಎತ್ತರದ ಬಯಲಿನ ಮೇಲೆ ಗಡಿಯವರೆಗೆ. ಕೈಗೆ ಉಗ್ಗಿಲ್ಲ, ಕಣ್ಣಿಗೆ ಉಗ್ಗಿಲ್ಲ, ಬ್ರೇಕಿಗೂ ಇಲ್ಲ. ತೊಂದರೆ ಇರುವುದು ರೇಡಿಯೋದಲ್ಲಿ.

ನಮ್ಮದು ಒಂದೇ ಹಳಿ. ಹೋಗುವುದೂ ಅದರ ಮೇಲೆ, ಬರುವುದೂ ಅದರ ಮೇಲೆ. ಕೆಂಪು ಹಸಿರು ದೀಪಗಳ ಭಾಗ್ಯ ನಮಗಿಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರಿಗೊಮ್ಮೆ ಪಕ್ಕದಲ್ಲಿ ಇನ್ನೊಂದು ತುಂಡು ಹಳಿ ಇರುತ್ತದೆ, ಎದುರು ಬರುವ ರೈಲಿಗೆ ದಾರಿ ಬಿಡಲು. ಅಲ್ಲಿಂದ ಮುಂದಕ್ಕೆ ಒಂದು ಗಾಲಿ ಉರುಳಬೇಕಾದರೂ ಕಂಟ್ರೋಲಿನವರು ರೇಡಿಯೋದಲ್ಲಿ ಅಪ್ಪಣೆ ಓದಬೇಕು: ಇಂಥ ರೈಲು, ಇಂಥ ಕಡೆಯಿಂದ ಇಂಥ ಕಡೆಗೆ. ನಾವು ಅದನ್ನು ಅಚ್ಚಾದ ಹಾಳೆಯಲ್ಲಿ ಬರೆದುಕೊಳ್ಳಬೇಕು. ಆ ಹಾಳೆಗೆ ನಾವು ದಾರಿಚೀಟಿ ಎನ್ನುತ್ತೇವೆ. ಬರೆದದ್ದನ್ನು ಅಕ್ಷರ ಬಿಡದೆ ವಾಪಸ್ ಓದಿ ಹೇಳಬೇಕು. ಕಂಟ್ರೋಲು ಪೂರ್ತಿ ಕೇಳಿ “ಸರಿಯಾಗಿದೆ” ಎಂದು ಗಂಟೆ ನಿಮಿಷ ಹೇಳಿದ ಮೇಲೆಯೇ ಅದು ಅಪ್ಪಣೆ. ಅಲ್ಲಿಯವರೆಗೆ ಬರೀ ಕಾಗದ.

ಇಪ್ಪತ್ತು ವರ್ಷ ಆ ಕಡೆಯ ಧ್ವನಿ ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಕಾಸಿಲ್ದಾಳದು. ನಮ್ಮ ಶೆಡ್ಡಿನ ಮೇಲಿನ ಕೋಣೆಯಲ್ಲಿ, ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕೂತು, ಆರು ನಿಲ್ದಾಣಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಹೆಂಗಸು. ನಾನು ಸಿಕ್ಕಿಕೊಂಡಾಗ ಅವಳು ಉಸಿರೂ ಬಿಡುತ್ತಿರಲಿಲ್ಲ. ತೀರಾ ಹೊತ್ತಾದರೆ ಅಷ್ಟೇ ಹೇಳುತ್ತಿದ್ದಳು: “ನಿಧಾನಕ್ಕೆ ಮುಗ್ಸಪ್ಪಾ. ನೀನು ಹೊರಡ್ದೆ ನಿನ್ನ ರೈಲು ಎಲ್ಲಿಗೆ ಹೋಗುತ್ತೆ?”

ಆಮೇಲೆ ಕಂಪನಿ ಕಂಟ್ರೋಲನ್ನು ಪಟ್ಟಣಕ್ಕೆ ಸಾಗಿಸಿತು. ಕಾಸಿಲ್ದಾ ನಿವೃತ್ತಳಾದಳು. ಪಟ್ಟಣದಲ್ಲಿ ಗಾಜಿನ ಕೋಣೆ, ದೊಡ್ಡ ಪರದೆಗಳು, ನಮ್ಮ ಬಯಲನ್ನು ಕಣ್ಣಿಂದ ಕಾಣದ ಹುಡುಗಾಟದ ಇಂಜಿನಿಯರುಗಳು. ಅವರ ಜೊತೆಗೆ ಒಂದು ಹೊಸ ನಿಯಮವೂ ಬಂತು: ಒಂದು ಅಪ್ಪಣೆಯ ಮಾತುಕತೆ ನಲವತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಚಾಲಕನ ಕಡೆಯಿಂದ ಮೂರು ಸಲ ಮೀರಿದರೆ ಅವನು ‘ಧ್ವನಿಸಂವಹನಕ್ಕೆ ಯೋಗ್ಯನಲ್ಲ’. ಅಂದರೆ ಇಂಜಿನ್ನಿನಿಂದ ಕೆಳಗಿಳಿ, ಯಾರ್ಡಿನಲ್ಲಿ ವ್ಯಾಗನ್ನಿಗೆ ಗ್ರೀಸು ಹಚ್ಚು.

ನನ್ನ ಹೆಸರಿನ ಮುಂದೆ ಆಗಲೇ ಎರಡು ಗುರುತು ಬಿದ್ದಿದ್ದವು. ಮೂರನೆಯದು ಬಿದ್ದರೆ ಮುಗಿಯಿತು ಎಂದು ಕಾಗದವೂ ಬಂದಿತ್ತು. ಅದನ್ನು ಮಡಿಸಿ, ದಣಿವಿಗೆ ಜಗಿಯುವ ಕೋಕಾ ಎಲೆಯ ಚೀಲದಲ್ಲಿಟ್ಟುಕೊಂಡಿದ್ದೆ. ಎಲೆ ತೆಗೆಯುವಾಗಲೆಲ್ಲ ಬೆರಳಿಗೆ ತಾಗುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾದರೂ. ರೇಡಿಯೋದ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಒಬ್ಬ ಒತ್ತಿ ಹಿಡಿದಿರುವಷ್ಟು ಹೊತ್ತು ಇಡೀ ಸಾಲಿನಲ್ಲಿ ಇನ್ನೊಬ್ಬರ ಮಾತು ಏಳುವುದಿಲ್ಲ, ಎಲ್ಲರೂ ಅವನನ್ನೇ ಕೇಳಬೇಕು. ನಾನು ಅಕ್ಷರದ ಮೇಲೆ ಸಿಕ್ಕಿಕೊಂಡ ಕ್ಷಣ ಗುಂಡಿ ಬಿಟ್ಟುಬಿಡುತ್ತಿದ್ದೆ. ನನ್ನ ಗಂಟಲಿನ ಒದ್ದಾಟವನ್ನು ಇನ್ನೂರು ಕಿಲೋಮೀಟರು ಯಾಕೆ ಕೇಳಬೇಕು ಅಂತ. ಕಾಸಿಲ್ದಾ ಆ ಸಂದಿನಲ್ಲಿ ಕಾಯುತ್ತಿದ್ದಳು. ಹೊಸಬರು ಆ ಸಂದಿನಲ್ಲಿ ನುಗ್ಗುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ತೋಲಾರ್‌ನಲ್ಲಿ ನಿಂತಿದ್ದೆ. ಬೆನ್ನಿಗೆ ಒಂಬೈನೂರು ಟನ್ ಅದಿರು. ತೋಲಾರ್ ಅಂದರೆ ಬಾಗಿಲು ಮುಚ್ಚಿದ ಒಂದು ಕಟ್ಟಡ, ಒಂದು ನೀರಿನ ತೊಟ್ಟಿ, ಯಾವಾಗಲೂ ಗಾಳಿ. ಮುಂದಿನ ನಿಲ್ದಾಣ ವಿಲಪಾಟ. ಅದರಾಚೆ ಗುಡ್ಡವನ್ನು ಸುತ್ತಿಕೊಂಡು ಹೋದರೆ ಇಪ್ಪತ್ತನಾಲ್ಕು ಕಿಲೋಮೀಟರಿನ ಮೇಲೆ ವಿಲಪಂಪ. ನಮ್ಮ ಮಾತಿನಲ್ಲಿ ಮೊದಲನೆಯದರ ಅರ್ಥ ಕೆಂಪು ದಿಬ್ಬ, ಎರಡನೆಯದರದು ಕೆಂಪು ಬಯಲು. ಹೆಸರಿಟ್ಟ ಹಿರಿಯರಿಗೆ ಅವೆರಡರ ನಡುವೆ ಗೊಂದಲವೇ ಇರಲಿಲ್ಲ, ಯಾಕೆಂದರೆ ಅವರು ಕಾಲಿನಿಂದ ನಡೆದು ಹತ್ತಿ ಇಳಿದಿದ್ದರು.

ಗುರುವಾರ ಸಂತೆಯ ದಿನ. ಎದುರಿನಿಂದ ರೈಲುಬಸ್ಸು ಬರುತ್ತದೆ. ಒಂದೇ ಡಬ್ಬಿ, ಅದರಲ್ಲಿ ಅರವತ್ತು ಜನ, ಆಲೂಗಡ್ಡೆ ಮೂಟೆ, ನಾಲ್ಕಾರು ಕುರಿ. ಅದನ್ನು ಓಡಿಸುವವಳು ಪ್ರಿಮಿತಿವಾ ಅಯವಿರಿ. ನನ್ನ ಮಗಳ ಜ್ಞಾನಸ್ನಾನಕ್ಕೆ ತಾಯಿಯಾಗಿ ನಿಂತವಳು, ಅಂದಿನಿಂದ ನಾನು ಅವಳಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ಸಂಬಂಧ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. “ಕೊಂಪಾದ್ರೆ, ನೀನು ಹೆಸ್ರು ಹೇಳೋದ್ರೊಳಗೆ ನನ್ ಆಲೂಗಡ್ಡೆ ಬೆಂದು ತಣ್ಣಗಾಗಿರುತ್ತೆ” ಎಂದು ಎದುರಿಗೇ ಹೇಳುವವಳು. ಆದರೆ ನನ್ನ ಮಾತನ್ನು ಅವಳೂ ಯಾವತ್ತೂ ಮುಗಿಸಿಕೊಟ್ಟವಳಲ್ಲ. ಅವಳ ಬಸ್ಸು ಎಷ್ಟು ತಡ ಎನ್ನುವುದರ ಮೇಲೆ ನಮ್ಮ ಕ್ರಾಸಿಂಗ್ ಒಂದು ವಾರ ವಿಲಪಾಟದಲ್ಲಿ, ಇನ್ನೊಂದು ವಾರ ವಿಲಪಂಪದಲ್ಲಿ.

ರೇಡಿಯೋ ಗರಗರ ಎಂದಿತು. ಇಂಜಿನಿಯರ್ ಉರ್ಕಿದಿಯ ಧ್ವನಿ. ಕಂಟ್ರೋಲಿಗೆ ಬಂದು ಐದು ತಿಂಗಳಾಗಿತ್ತು. ಕೆಟ್ಟವನಲ್ಲ. ಅವಸರದವನು.

“ಇಪ್ಪತ್ತೊಂದು, ಬರ್ಕೊಳ್ಳಿ. ರೈಲು ಇಪ್ಪತ್ತೊಂದು, ತೋಲಾರ್‌ನಿಂದ ವಿಲಪಂಪದವರೆಗೆ ದಾರಿ ಬಿಟ್ಟಿದೆ. ವಿಲಪಂಪದಲ್ಲಿ ರೈಲುಬಸ್ಸಿನ ಜೊತೆ ಕ್ರಾಸಿಂಗ್.”

ಬರೆದುಕೊಂಡೆ. ಗುಂಡಿ ಒತ್ತಿ ಓದತೊಡಗಿದೆ. “ರೈಲು ಇಪ್ಪತ್ತೊಂದು. ತೋಲಾರ್‌ನಿಂದ ವಿ... ವಿಲಪ...” ಅಲ್ಲಿಗೆ ‘ಪ’ ಬಾಗಿಲು ಹಾಕಿಕೊಂಡಿತು. ಅಭ್ಯಾಸಬಲ, ಬೆರಳು ಗುಂಡಿಯಿಂದ ಎದ್ದಿತು.

“ಆಯ್ತು ಆಯ್ತು, ಗೊತ್ತಾಯ್ತು! ಸರಿಯಾಗಿದೆ. ಒಂಬತ್ತು ಹನ್ನೆರಡು. ಹೊರಡಿ, ದೋನ್ ಸತುರ್ನಿನೋ.”

ಬ್ರೇಕಿನ ಹಿಡಿಗೆ ಕೈ ಹಾಕಿದೆ. ಹೊರಟೇಬಿಡುತ್ತಿದ್ದೆ. ಆದರೆ ಉರ್ಕಿದಿ ತನ್ನ ಗುಂಡಿ ಬಿಡುವುದು ಒಂದು ಕ್ಷಣ ತಡವಾಯಿತು. ಆ ಕ್ಷಣದಲ್ಲಿ ಅವನು ಪಕ್ಕದವನಿಗೆ ಹೇಳಿದ್ದು ನನ್ನ ಕ್ಯಾಬಿನ್ನಿಗೂ ಬಂತು.

“ಉಗ್ಗನ್ನ ಮೂವತ್ತೆಂಟಕ್ಕೇ ಮುಗಿಸ್ದೆ ನೋಡು! ಪಾಪ, ಮೂರನೇದು ಬೀಳೋದು ತಪ್ಪಿಸ್ದೆ.”

ಯಾರೋ ನಕ್ಕರು. ಕಟ್ ಆಯಿತು.

ನೋಡಿ, ಬೈದಿದ್ದರೆ ನಾನು ಹೋಗಿಬಿಡುತ್ತಿದ್ದೆ. ಉಗ್ಗ ಎನ್ನುವುದು ನನಗೆ ಹೊಸ ಹೆಸರಲ್ಲ, ಶಾಲೆಯಲ್ಲಿ ಅದೇ ಹೆಸರಿನಿಂದ ಹಾಜರಿ ಕರೆಯುತ್ತಿದ್ದರು. ಆ ‘ಪಾಪ’ ಇದೆಯಲ್ಲ, ಅದಕ್ಕೆ ಮೈ ಉರಿದುಹೋಯಿತು. ಅವನು ನನಗೆ ಉಪಕಾರ ಮಾಡಿದ್ದ! ನನ್ನ ಬಾಯಲ್ಲಿದ್ದ ಮಾತನ್ನು ಕಿತ್ತುಕೊಂಡು, ಅದನ್ನೇ ದಾನ ಎಂದು ನನ್ನ ಕೈಗಿಟ್ಟಿದ್ದ. ನಲವತ್ತೊಂಬತ್ತು ವರ್ಷದಿಂದ ಅಂಗಡಿಯವರು, ಪಾದ್ರಿಗಳು, ಹೆಂಡತಿಯ ಅಣ್ಣಂದಿರು ಎಲ್ಲರೂ ಮಾಡುತ್ತ ಬಂದ ಉಪಕಾರ. ಬೇಡದ ರೊಟ್ಟಿ ಕೊಟ್ಟರೂ ಥ್ಯಾಂಕ್ಸ್ ಹೇಳಿ ತಿಂದು ಬಂದಿದ್ದೆ. ಅವತ್ತು ನುಂಗಲಾಗಲಿಲ್ಲ.

ಕೈಯಲ್ಲಿದ್ದ ದಾರಿಚೀಟಿ ನೋಡಿದೆ. ನಾನು ಅರ್ಧ ಓದಿದ್ದೆ. ಅರ್ಧ ಓದಿದ ಚೀಟಿಗೆ ಸರಿಯಾಗಿದೆ ಎಂದರೆ ಏನು ಸರಿಯಾಗಿತ್ತು? ಗುಂಡಿ ಒತ್ತಿದೆ.

“ಕಂಟ್ರೋಲ್. ಇಪ್ಪತ್ತೊಂದು. ನಾ... ನಾನಿನ್ನೂ ಮುಗ್ಸಿಲ್ಲ.”

“ದೋನ್ ಸತುರ್ನಿನೋ,” ಉರ್ಕಿದಿಯ ಧ್ವನಿ ತಗ್ಗಿತು, “ನಿಮ್ ಒಳ್ಳೇದಕ್ಕೇ ಹೇಳ್ತಿರೋದು. ಎರಡು ಆಗಿದೆ ನಿಮ್ದು. ಎಲ್ಲಾ ರೆಕಾರ್ಡ್ ಆಗ್ತಿದೆ. ನಾನು ಸರಿಯಾಗಿದೆ ಅಂದಿದ್ದೀನಲ್ಲಾ? ಹೊರಡಿ, ಮಾರಾಯ್ರೇ.”

“ನಾನು ಹೇ... ಹೇಳದೇನೇ ನಿಮ್ಗೆ ಏ... ಏನು ಕೇಳ್ಸ್ತು?”

ಎಲೆಯ ಚೀಲ ಎದುರಿಗೇ ಇತ್ತು, ಅದರೊಳಗಿನ ಕಾಗದ ನನಗೆ ಬಾಯಿಪಾಠ. ಯಾರ್ಡು, ಗ್ರೀಸು, ನೆಲದ ಮೇಲೆ ನಿಂತು ಬೇರೆಯವರ ರೈಲು ನೋಡುವ ಮುದಿ ವಯಸ್ಸು. ಹೋಗಲಿ ಎಂದುಕೊಂಡೆ. ಹೋಗುವುದಾದರೆ ನನ್ನ ಮಾತು ಮುಗಿಸಿಯೇ ಹೋಗಲಿ. ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಅದರ ಮೇಲೆ ಎಡಗೈಯ ಹೆಬ್ಬೆರಳನ್ನೂ ಇಟ್ಟು ಒತ್ತಿ ಹಿಡಿದೆ.

“ರೈಲು ಇಪ್ಪತ್ತೊಂದು. ತೋಲಾರ್‌ನಿಂದ. ವಿಲಪ... ಪ... ಪ...”

ಗುಂಡಿ ಬಿಡಲಿಲ್ಲ.

ಉಗ್ಗದವರಿಗೆ ಇದು ತಿಳಿಯುವುದಿಲ್ಲ. ಪದ ಮರೆತಿರುವುದಿಲ್ಲ. ಅದು ಅಲ್ಲೇ ಇರುತ್ತದೆ, ತುಟಿಯ ಹಿಂದೆ, ಪೂರ್ತಿ. ತುಟಿ ಮಾತ್ರ ಒಂದಕ್ಕೊಂದು ಅಂಟಿಕೊಂಡು ಬಿಚ್ಚುವುದಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಗಂಟಲಿನಿಂದ ಹೊರಟ ಸದ್ದು ನನಗೇ ಅಸಹ್ಯವಾಗಿತ್ತು. ಅಷ್ಟೂ ಸದ್ದನ್ನು ಸಾಲಿಗೆ ಕೊಟ್ಟೆ. ಹಳಿ ದುರಸ್ತಿಯವರು ಕೇಳಲಿ, ಗಡಿಯ ಸ್ಟೇಷನ್ನಿನವರು ಕೇಳಲಿ, ಗಾಜಿನ ಕೋಣೆಯಲ್ಲಿ ನಕ್ಕವನು ಕುರ್ಚಿಯ ಮೇಲೆ ಕೂತು ಕೇಳಲಿ. ನಲವತ್ತು ಸೆಕೆಂಡು ಯಾವಾಗ ಕಳೆಯಿತೋ ಗೊತ್ತಿಲ್ಲ. ಆಮೇಲೆ ಟೇಪಿನಲ್ಲಿ ಅಳೆದರು, ಒಂದು ನಿಮಿಷ ಐವತ್ತು ಸೆಕೆಂಡು.

“...ಪಂಪ,” ಎಂದೆ ಕೊನೆಗೆ. “ವಿಲಪಂಪದವರೆಗೆ. ವಿಲಪಂಪದಲ್ಲಿ ರೈಲುಬಸ್ಸಿನ ಜೊತೆ ಕ್ರಾಸಿಂಗ್. ಮು... ಮುಗೀತು.” ಆಗ ಹೆಬ್ಬೆರಳು ತೆಗೆದೆ.

ಆಮೇಲೆ ಬಂದದ್ದು ಉರ್ಕಿದಿಯ ಧ್ವನಿಯಲ್ಲ.

“ಕೊಂಪಾದ್ರೆ?” ಪ್ರಿಮಿತಿವಾ. ಅವಳ ಧ್ವನಿಯಲ್ಲಿ ಎಂದಿನ ಗೇಲಿ ಇರಲಿಲ್ಲ. “ಯಾವ ಊರಂದೆ? ಇನ್ನೊಂದ್ ಸಲ ಹೇಳು.”

ದೇವರು ದೊಡ್ಡವನು, ಎರಡನೇ ಸಲಕ್ಕೆ ಸಲೀಸಾಗಿ ಬಂತು. “ವಿಲಪಂಪ.”

“ನಾನು ವಿಲಪಂಪ ಬಿಟ್ಟು ಹೊರಟಾಗಿದೆ ಕಣೋ! ಕೈಲಿ ಚೀಟಿ ಇದೆ, ವಿಲಪಾಟದವರೆಗೆ ದಾರಿ ನನ್ದು ಅಂತ. ನೀನು ಗುಂಡಿ ಒತ್ಕೊಂಡು ಕೂತಿದ್ ನೋಡಿ ಯಾರೋ ಸತ್ರು ಅಂದ್ಕೊಂಡು ರೇಡಿಯೋ ಜೋರು ಮಾಡ್ದೆ.” ಅವಳ ಬ್ರೇಕಿನ ಕಿರುಚು ರೇಡಿಯೋದಲ್ಲೇ ಕೇಳಿಸಿತು. “ನಿಂತಿದ್ದೀನಿ. ಗುಡ್ಡದ ಈ ಕಡೆ ನಿಂತಿದ್ದೀನಿ. ಕಂಟ್ರೋಲ್! ಇಂಜಿನಿಯರೇ! ಒಂದೇ ಹಳೀನ ಇಬ್ರಿಗೂ ಹಂಚಿದ್ದೀರಲ್ಲಾ, ನಿಮ್ಮಪ್ಪನ ಮನೆ ಹಬ್ಬದೂಟಾನಾ?”

ಉರ್ಕಿದಿ ಹೇಳಬೇಕೆಂದಿದ್ದದ್ದು ವಿಲಪಾಟ. ಬಾಯಿ ತಪ್ಪಿ ಹೇಳಿದ್ದು ವಿಲಪಂಪ. ಇಂಥ ತಪ್ಪು ದೇವರಿಗೂ ಆಗುತ್ತದೆ, ಅದಕ್ಕೇ ವಾಪಸ್ ಓದುವ ಪದ್ಧತಿ ಇರುವುದು, ಹೇಳಿದವನು ತನ್ನ ತಪ್ಪನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ ಬೆಚ್ಚಲಿ ಅಂತ. ಆದರೆ ಅವನು ನನ್ನ ಮಾತನ್ನು ಅರ್ಧಕ್ಕೇ ತಡೆದು, ಉಳಿದರ್ಧವನ್ನು ತನ್ನ ಮನಸ್ಸಿನಿಂದ ತುಂಬಿಕೊಂಡಿದ್ದ. ನಾನು ಅವನ ‘ಸರಿಯಾಗಿದೆ’ ನಂಬಿ ಹೊರಟಿದ್ದರೆ ವಿಲಪಾಟದಲ್ಲಿ ನಿಲ್ಲದೆ ಗುಡ್ಡದ ತಿರುವಿಗೆ ಹೋಗುತ್ತಿದ್ದೆ. ಆ ತಿರುವಿನಲ್ಲಿ ಎದುರಿನದು ಕಾಣುವುದು ಇನ್ನೂರು ಮೀಟರಿಗೆ. ಒಂಬೈನೂರು ಟನ್ ನಿಲ್ಲಲು ಬೇಕಾದದ್ದು ಎಂಟುನೂರು. ಕ್ಯಾಬಿನ್ನಿನ ನೆಲದ ಮೇಲೆ ಕೂತುಬಿಟ್ಟೆ.

ನಾಲ್ಕು ದಿನದ ಮೇಲೆ ಪಟ್ಟಣಕ್ಕೆ ಕರೆಸಿದರು. ಉದ್ದನೆಯ ಮೇಜು. ಆ ಕಡೆ ಕಂಪನಿಯ ವಕೀಲ ಡಾಕ್ಟರ್ ಇರಿಗೋಯೆನ್ (ನಮ್ಮಲ್ಲಿ ವಕೀಲರನ್ನೂ ಡಾಕ್ಟರ್ ಎನ್ನುತ್ತಾರೆ), ಎದುರಿಗೆ ಟೈಪ್ ಮಾಡುವ ಯಂತ್ರ. ಮೂಲೆಯಲ್ಲಿ ಉರ್ಕಿದಿ, ಮುಖ ಬತ್ತಿದೆ. ನನ್ನ ಪಕ್ಕ ಸಾಕ್ಷಿ ಹೇಳಲು ಬಂದ ಪ್ರಿಮಿತಿವಾ, ಹಬ್ಬದ ಟೋಪಿ ಹಾಕಿಕೊಂಡು. ಸರ್ಕಾರದ ಇನ್ಸ್‌ಪೆಕ್ಟರಿಗೆ ಸಂಜೆಯೊಳಗೆ ವರದಿ ಹೋಗಬೇಕಿತ್ತು, ಅದರ ಮೇಲೆ ಚಾಲಕನ ಸಹಿ ಬೇಕಿತ್ತು. ಟೇಪು ಹಾಕಿದರು. ನನ್ನ ಆ ಸದ್ದನ್ನು ನಾನೇ ಹೊರಗಿನಿಂದ ಕೇಳಿದ್ದು ಅದೇ ಮೊದಲು. ತಲೆ ತಗ್ಗಿಸಲಿಲ್ಲ.

“ಶಭಾಷ್ ದೋನ್ ಸತುರ್ನಿನೋ,” ವಕೀಲ ನಕ್ಕ. “ಈಗ ಒಂದೇ ಪ್ರಶ್ನೆ. ಅಪ್ಪಣೆ ಸಿಕ್ಕಿದ ಮೇಲೂ ನೀವು ಹೊರಡ್ಲಿಲ್ಲ. ಯಾಕೆ?”

“ಯಾಕಂದ್ರೆ ನ... ನ...”

“ನಿಮಗೆ ಅನುಮಾನ ಬಂತು,” ಎಂದು ಟೈಪ್ ಮಾಡತೊಡಗಿದ. “ಅನುಭವೀ ಚಾಲಕನಿಗೆ ಅನುಮಾನ ಬಂದು, ಸಮಯಪ್ರಜ್ಞೆಯಿಂದ... ಬಹಳ ಚೆನ್ನಾಗಿದೆ. ಮೂರನೇ ಗುರುತು ಹಾಕಲ್ಲ, ಹಳೇವೆರಡೂ ಅಳಿಸ್ತೀವಿ. ಒಂದು ಪ್ರಶಸ್ತಿ ಪತ್ರಾನೂ ಕೊಡ್ಸೋಣ. ಇಲ್ಲಿ ಸಹಿ ಮಾಡಿ.”

ಆಹಾ, ಎಂಥ ಮೆತ್ತನೆ ಹಾಸಿಗೆ! ಅದರ ಮೇಲೆ ಮಲಗಿದ್ದರೆ ನಾನು ವೀರ, ಉರ್ಕಿದಿ ಒಬ್ಬನೇ ಪಾಪಿ, ನಲವತ್ತು ಸೆಕೆಂಡಿನ ನಿಯಮ ಮಾಡಿದವರ ಉಗುರಿಗೂ ಧೂಳಿಲ್ಲ. ಮುಂದಿನ ಗುರುವಾರ ಇನ್ನೊಬ್ಬನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು.

“ಅ... ಅನುಮಾನ ಬರ್ಲಿಲ್ಲ,” ಎಂದೆ.

“ಮತ್ತೆ? ಏನೋ ಎಡವಟ್ಟಾಗಿದೆ ಅನ್ನಿಸ್ತು, ಅಷ್ಟೇ ತಾನೆ, ಎರಡೂ ಒಂ...”

“ಡಾಕ್ಟರ್.” ಮೂಲೆಯಿಂದ ಉರ್ಕಿದಿ. ತಲೆ ಎತ್ತಿರಲಿಲ್ಲ. “ಅವ್ರು ಮುಗಿಸ್ಲಿ.”

ವಕೀಲ ಯಂತ್ರದ ಮೇಲಿಂದ ಕೈ ತೆಗೆದ. ಪ್ರಿಮಿತಿವಾ ಟೋಪಿ ಸರಿಮಾಡಿಕೊಂಡಳು.

“ನ... ನನ್ನ ಮಾತು ಮುಗಿದಿರ್ಲಿಲ್ಲ,” ಎಂದೆ. “ಅದಕ್ಕೇ ಹೊರಡ್ಲಿಲ್ಲ. ಅಷ್ಟೇ ಬರೀರಿ. ಅದರ ಕೆಳಗೆ ಇನ್ನೊಂದು. ಓದಿ ಹೇಳೋದಕ್ಕೆ ಗಡುವಿಲ್ಲ. ಚಾ... ಚಾಲಕ ಮುಗೀತು ಅನ್ನೋವರೆಗೆ ಯಾರೂ ಬಾಯಿ ಹಾಕೋ ಹಾಗಿಲ್ಲ. ಬರೆದ್ರೆ ರುಜು.”

“ಬರೀದಿದ್ರೆ? ಟೇಪಲ್ಲಿರೋದು ಒಂದು ನಿಮಿಷ ಐವತ್ತು ಸೆಕೆಂಡು. ಅದು ನಿಮ್ಮ ಮೂರನೇ ಗುರುತು, ನೆನಪಿರ್ಲಿ.”

“ಬರೀದಿದ್ರೆ ಇ... ಇನ್ಸ್‌ಪೆಕ್ಟರಿಗೆ ನಾನೇ ಹೋಗಿ ಹೇಳ್ತೀನಿ. ಬಾಯಲ್ಲಿ. ಎಷ್ಟು ಹೊ... ಹೊತ್ತಾದ್ರೂ ಆಗ್ಲಿ.”

ಪ್ರಿಮಿತಿವಾ ಕಿಸಕ್ಕೆಂದಳು. “ಮಧ್ಯಾಹ್ನದ ಊಟ ಕಟ್ಕೊಂಡೇ ಹೋಗ್ತೀವಿ, ಡಾಕ್ಟರೇ. ನನ್ಗೂ ರಜಾ ಇದೆ.”

ಇರಿಗೋಯೆನ್ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಉರ್ಕಿದಿಯನ್ನು ನೋಡಿದ, ಆಮೇಲೆ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಹಳೆಯ ಹಾಳೆ ಎಳೆದು ಮುದ್ದೆ ಮಾಡಿ ಬಿಸಾಡಿ, ಹೊಸ ಹಾಳೆಯಲ್ಲಿ ಟಕಟಕ ಬಡಿದ. ಮುಗಿಸಿ ನನ್ನ ಮುಂದೆ ತಳ್ಳಿದ. ನಾನು ಪೆನ್ನು ಮುಟ್ಟಲಿಲ್ಲ.

“ಓ... ಓದಿ,” ಎಂದೆ.

“ಏನು?”

“ವಾಪಸ್ ಓದಿ ಹೇಳ್ಬೇಕು, ಡಾಕ್ಟರೇ,” ಎಂದಳು ಪ್ರಿಮಿತಿವಾ. “ನಮ್ ಸಾಲಿನ ಪದ್ಧತಿ. ಅಕ್ಷರ ಬಿಡ್ಬಾರ್ದು.”

ಕಿವಿ ಕೆಂಪಾಗಿಸಿಕೊಂಡು ವಕೀಲ ಓದಿದ. ಚಾಲಕನ ಮಾತು ಮುಗಿದಿರಲಿಲ್ಲವಾದ್ದರಿಂದ ಅವನು ಹೊರಡಲಿಲ್ಲ. ಓದಿ ಹೇಳುವುದಕ್ಕೆ ಇನ್ನು ಮುಂದೆ ಗಡುವಿಲ್ಲ. ಚಾಲಕ ಮುಗಿಯಿತು ಎನ್ನುವವರೆಗೆ ಕಂಟ್ರೋಲು ಮಾತಾಡತಕ್ಕದ್ದಲ್ಲ. ಒಂದಕ್ಷರ ಬಿಡಲಿಲ್ಲ. ಓದಿ ಮುಗಿಸಿ ಕಾಗದ ಕೆಳಗಿಟ್ಟು ನನ್ನ ಮುಖ ನೋಡಿದ.

ವಾಪಸ್ ಓದಿದ್ದನ್ನು ಕೇಳಿದವರು ಕೊನೆಗೆ ಹೇಳುವ ಆ ಒಂದು ಪದವನ್ನು ಇಪ್ಪತ್ತೆರಡು ವರ್ಷ ಬೇರೆಯವರು ನನಗೆ ಹೇಳಿದ್ದರು. ಮೊದಲ ಸಲ ಅದನ್ನು ಹೇಳುವ ಸರದಿ ನನ್ನದಾಗಿತ್ತು. ಅದಾದರೋ ‘ಸ’ದಿಂದ ಶುರುವಾಗುವ ಪದ.

“ಸ...” ಎಂದೆ.

ನಿಂತಿತು. ಕತ್ತಿನ ನರ ಉಬ್ಬಿತು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. “ಸ... ಸ...”

ಆ ಕೋಣೆಯಲ್ಲಿ ಎಲ್ಲರಿಗೂ ಆ ಪದ ಗೊತ್ತಿತ್ತು. ಉರ್ಕಿದಿಗೆ ಗೊತ್ತಿತ್ತು, ವಕೀಲನ ನಾಲಿಗೆಯ ತುದಿಯಲ್ಲೇ ಇತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಅವಸರ ಮಾಡಲಿಲ್ಲ. ಅವರು ಕಾದರು.